ಡಾಕ್ಯುಮೆಂಟರಿ ಅಂದರೆ ಪೂರ್ತಿ ನಿಜ ಅಂತಲ್ಲ

ನಟರಿಲ್ಲ, ಸೆಟ್ ಇಲ್ಲ, ಹಾಗಾದರೆ ಡಾಕ್ಯುಮೆಂಟರಿಯಲ್ಲಿ ಕಾಣುವುದೆಲ್ಲ ನಿಜ ತಾನೇ ಅಂತ ಕೇಳಿದ್ದೀರಿ. ಅಷ್ಟು ಸುಲಭ ಇಲ್ಲ. ಕೆನಡಾದ ಹಿಮಪ್ರದೇಶದ ಇನುಯಿಟ್ ಜನರ ಬದುಕಿನ ಬಗ್ಗೆ ಬಂದ 1922ರ ಡಾಕ್ಯುಮೆಂಟರಿ ‘ನಾನೂಕ್ ಆಫ್ ದ ನಾರ್ತ್’ ನೋಡಿ. ನಾಯಕನ ನಿಜವಾದ ಹೆಸರೇ ನಾನೂಕ್ ಅಲ್ಲ. ಆಗಲೇ ಬಂದೂಕು ಬಳಸುತ್ತಿದ್ದವರ ಕೈಗೆ ನಿರ್ದೇಶಕ ಫ್ಲಾಹರ್ಟಿ ಈಟಿ ಹಿಡಿಸಿ ಹಳೇ ಕಾಲದ ಬೇಟೆ ತೋರಿಸಿದರು, ಒಳಗೆ ಬೆಳಕು ಸಾಲದು ಅಂತ ಒಂದು ಬದಿ ತೆರೆದಿದ್ದ ಇಗ್ಲೂವನ್ನೂ (ಹಿಮದ ಮನೆ) ಕಟ್ಟಿಸಿದರು. ಹಾಗಂತ ಸುಮ್ನೆ ಸುಳ್ಳು ಅಂತ ತಳ್ಳಿಹಾಕುವ ಹಾಗೂ ಇಲ್ಲ, ಆ ಚಳಿ, ಆ ಜನ ನಿಜವೇ ಅಲ್ವಾ. ನನಗೆ ಜಾಸ್ತಿ ಅನುಮಾನ ಎಡಿಟಿಂಗ್ ಮೇಲೆ. ಪ್ರಶ್ನೆ ಕೇಳಿದ್ದು ಒಂದು ಹೊತ್ತು, ತಲೆಯಾಡಿಸಿದ್ದು ಇನ್ನೊಂದು ಹೊತ್ತು. ಪಕ್ಕಪಕ್ಕ ಜೋಡಿಸಿದರೆ ಒಪ್ಪಿದ ಹಾಗೆ ಕಾಣುತ್ತದೆ. ಟಿವಿ ಸುದ್ದಿಗೂ ಇದೇ ಕತ್ತರಿ. ಸಂದರ್ಶನದಲ್ಲಿ ಮಾತಿನ ಮಧ್ಯೆ ಬೇರೆ ದೃಶ್ಯ ಬಂದರೆ ಗಮನಿಸಿ, ಎಷ್ಟೋ ಸಲ ಕತ್ತರಿಸಿದ ಜಾಗ ಮುಚ್ಚುವುದು ಹಾಗೆಯೇ.