ಎರಡು ಅಂಕ ಇಳಿದರೆ ಗಾಬರಿಯೇ?

ಪ್ರಶ್ನೆ: ಏಳು ವರ್ಷದ ಮಗನಿಗೆ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯುಗಳು ಕ್ರಮೇಣ ದುರ್ಬಲವಾಗುವ ಕಾಯಿಲೆ) ಇದೆ. ನಡೆಯುವ, ಏಳುವ, ಓಡುವ ಸಾಮರ್ಥ್ಯ ಅಳೆಯುವ ನಾರ್ತ್ ಸ್ಟಾರ್ ಪರೀಕ್ಷೆಯಲ್ಲಿ ಆರು ತಿಂಗಳ ಹಿಂದೆ 25 ಬಂದಿತ್ತು, ಈಗ 23. ನಡೆಯುತ್ತಾನೆ, ಆಡುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಬರೀ ಮೊತ್ತ ನೋಡಿ ಎದೆಗುಂದಬೇಡಿ ತಾಯಿ. ಅಂಕದ ಹಾಳೆ ಕೇಳಿ ಪಡೆದು, ಎಲ್ಲಿ ಇಳಿದಿದೆ ಎಂದು ನೋಡಿ. ಒಟ್ಟು 17 ಚಟುವಟಿಕೆ. ಸಹಜವಾಗಿ ಮಾಡಿದರೆ 2, ಮೈ ವಾಲಿಸಿಯೋ ಕೈ ಊರಿಯೋ ಹೇಗೋ ತಾನೇ ಮಾಡಿದರೆ 1, ಆಗದಿದ್ದರೆ 0. ಪೂರ್ಣಾಂಕ 34.

ಈ ಪರೀಕ್ಷೆಯ ಒಂದು ಮಿತಿ ತಿಳಿದಿರಲಿ. ಅಂಗಾತ ಮಲಗಿದ ಮಗು ಬೋರಲಾಗಿ, ಮೊಣಕಾಲು, ತೊಡೆಗಳ ಮೇಲೆ ಕೈಯೂರುತ್ತಾ ಎದ್ದರೆ 1 ಅಂಕ. 4 ಸೆಕೆಂಡಿನಲ್ಲಿ ಹೀಗೆ ಏಳುತ್ತಿದ್ದವನಿಗೆ 8 ಸೆಕೆಂಡ್ ಹಿಡಿದರೂ ಅಂಕ ಅಷ್ಟೇ. ಆದ್ದರಿಂದ ಏಳುವ ಸಮಯ, 10 ಮೀಟರ್ ಓಟದ ಸಮಯ ಎರಡನ್ನೂ ಬರೆಸಿಕೊಳ್ಳಿ. ಮೊತ್ತಕ್ಕಿಂತ ಮೊದಲು ನಾವು ನೋಡುವುದು ಅವನ್ನೇ.

ಒಂಟಿಗಾಲಿನ ಕುಪ್ಪಳಿಕೆಯಲ್ಲಿ ಅಂಕ ಹೋಗಿದ್ದರೆ ಆ ದಿನದ ದಣಿವೂ ಕಾರಣವಿರಬಹುದು. ದೂರದ ಬಸ್ ಪ್ರಯಾಣ ಮುಗಿಸಿ ನೇರವಾಗಿ ಪರೀಕ್ಷೆಗೆ ನಿಲ್ಲಿಸಬೇಡಿ. ಬರಿಗಾಲು, ಚಡ್ಡಿ ಇರಲಿ, ಸ್ಪ್ಲಿಂಟ್ (ಕಾಲಿಗೆ ಕಟ್ಟುವ ಆಧಾರ) ಬಿಚ್ಚಿರಲಿ. ಸಾಧ್ಯವಾದರೆ ಪ್ರತಿ ಸಲವೂ ಅದೇ ಫಿಸಿಯೊಥೆರಪಿಸ್ಟ್ ನೋಡಲಿ.

ಏಳು ವರ್ಷ ವಯಸ್ಸಿನ ಆಸುಪಾಸಿನಲ್ಲಿ ಅಂಕ ನಿಧಾನವಾಗಿ ಇಳಿಯತೊಡಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಬೀಳುವುದು ಹೆಚ್ಚಾದರೆ, ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಮುಂದಿನ ತಪಾಸಣೆಗೆ ಕಾಯದೆ ವೈದ್ಯರನ್ನು ಕಾಣಿ. ಸ್ಟಿರಾಯ್ಡ್ ಕೊಡುತ್ತಿದ್ದರೆ ಅಂಕ ಇಳಿಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು.