ಯೂರೋಪಿನ ಲ್ಯಾಬ್‌ಗೆ ಬರುವವರಿಗೆ, ಕ್ಯಾಂಡಿಡಾ ಬಗ್ಗೆ

ಯೂರೋಪಿನ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬ್ ಸೇರುತ್ತಿದ್ದೇನೆ, ಮನೆ, ಚಳಿ, ಭಾಷೆ ಹೇಗೆ, ರಕ್ತದಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಸಿಕ್ಕಾಗ ಮಾಡುವ ಕೆಲಸ ಅಲ್ಲೂ ನಮ್ಮ ದೇಶದ ಹಾಗೇನಾ ಅಂತ ಕೇಳಿದ್ದೀರಿ. ಮನೆ ಹೇಗೋ ಸಿಗುತ್ತದೆ. ಚಳಿ ರೂಢಿಯಾಗುತ್ತದೆ. ಭಾಷೆಯನ್ನು ಪಕ್ಕದ ಬೆಂಚಿನವರೇ ಕಲಿಸುತ್ತಾರೆ. ಉತ್ತರ ಬೇಕಾಗಿರುವುದು ಕೊನೆಯ ಪ್ರಶ್ನೆಗೆ.

ಬಂದ ಹೊಸದರಲ್ಲಿ ನನಗೆ ತಲೆಕೆಟ್ಟದ್ದು ಬ್ರೇಕ್‌ಪಾಯಿಂಟ್‌ಗಳಿಂದ, ಅಂದರೆ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಗಡಿ ಸಂಖ್ಯೆಗಳಿಂದ. ನಾವು ಅಮೆರಿಕದ ಸಿಎಲ್‌ಎಸ್‌ಐ ಪಟ್ಟಿ ಓದಿ ಬೆಳೆದವರು, ಇಲ್ಲಿ ನಡೆಯುವುದು ಯೂರೋಪಿನ ಯೂಕಾಸ್ಟ್ ಪಟ್ಟಿ. ಗ್ಲಾಬ್ರಾಟಾ ಎಂಬ ಕ್ಯಾಂಡಿಡಾ ಜಾತಿಗೆ ಫ್ಲುಕೊನಜೋಲ್ ಔಷಧದ ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ, ಲೀಟರಿಗೆ ಮಿ.ಗ್ರಾಂ ಲೆಕ್ಕದಲ್ಲಿ) 32 ಬಂತು ಅನ್ನಿ. ಸಿಎಲ್‌ಎಸ್‌ಐನಲ್ಲಿ ಅದು ‘ಡೋಸ್ ಏರಿಸಿದರೆ ಕೇಳೀತು’ ಅನ್ನುವ ಗುಂಪು, ಯೂಕಾಸ್ಟ್‌ನಲ್ಲಿ ನೇರವಾಗಿ ರೆಸಿಸ್ಟೆಂಟ್, ಅಂದರೆ ಔಷಧಕ್ಕೆ ಜಗ್ಗದ್ದು. ಎಕೈನೊಕ್ಯಾಂಡಿನ್ ಗುಂಪಿನ ಔಷಧ ಕ್ಯಾಸ್ಪೊಫಂಜಿನ್‌ನ ಫಲಿತಾಂಶ ಲ್ಯಾಬಿನಿಂದ ಲ್ಯಾಬಿಗೆ ಏರುಪೇರಾಗುತ್ತದೆಂದು ನಾನು ಬಂದಾಗ ಯೂಕಾಸ್ಟ್ ಅದಕ್ಕೆ ಬ್ರೇಕ್‌ಪಾಯಿಂಟನ್ನೇ ಕೊಟ್ಟಿರಲಿಲ್ಲ. ಅದೇ ಗುಂಪಿನ ಮೈಕಾಫಂಜಿನ್, ಅನಿಡುಲಾಫಂಜಿನ್ ನೋಡಿ ತೀರ್ಮಾನಿಸುತ್ತಿದ್ದರು. ಪಟ್ಟಿಯನ್ನು ಪ್ರಿಂಟ್ ತೆಗೆದು ಕಣ್ಣೆದುರು ಅಂಟಿಸಿಕೊಳ್ಳಿ, ಯಾರೂ ನಗುವುದಿಲ್ಲ.

ಹಲವು ಔಷಧಗಳಿಗೆ ಬಗ್ಗದ ಆರಿಸ್ ಎಂಬ ಕ್ಯಾಂಡಿಡಾ ಜಾತಿಯ ವಿಷಯದಲ್ಲಿ ನೀವು ಹೆದರಬೇಕಾಗಿಲ್ಲ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಬಂದದ್ದೆಂದು ಅದನ್ನು ಮೊದಲು ವರ್ಣಿಸಿದರು. ಆದರೆ ಅದರ ಜೊತೆ ಏಗಿದ ಅನುಭವದಲ್ಲಿ ನಮ್ಮ ದೇಶದ ಲ್ಯಾಬಿನವರು ಯಾರಿಗೂ ಕಡಿಮೆಯಿಲ್ಲ. ಹಳೆಯ ಡೇಟಾಬೇಸಿನ ಯಂತ್ರ ಆರಿಸನ್ನು ಅದರ ಹತ್ತಿರದ ಜಾತಿ ‘ಹೆಮುಲೋನಿ’ ಎಂದು ತೋರಿಸಿದರೆ ನಂಬದೆ, ಪ್ರೋಟೀನ್ ಗುರುತಿನಿಂದ ಜಾತಿ ಹೇಳುವ ಮಾಲ್ಡಿ-ಟಾಫ್ ಯಂತ್ರಕ್ಕೆ ಹಾಕಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಿದ್ದದ್ದನ್ನು ಹೇಳಿ, ಸಂಕೋಚ ಬೇಡ. ಹಾಗೆ ಹೇಳಿದಾಗ ನನಗೆ ಇಲ್ಲಿ ಮೊದಲ ಸಲ ಬೆಲೆ ಸಿಕ್ಕಿತು, ಆ ಹೆಮ್ಮೆ ಇನ್ನೂ ಇಳಿದಿಲ್ಲ.

ಒಂದೇ ಒಂದು ಸಂಗತಿ ಮಾತ್ರ ಇವತ್ತಿಗೂ ಕೊರೆಯುತ್ತದೆ. ನಾನು ಮೊದಲು ಸೇರಿದ ಲ್ಯಾಬಿನಲ್ಲಿ ಒಂದು ನಿಯಮವಿತ್ತು: ಒಬ್ಬ ರೋಗಿಯ ರಕ್ತದಲ್ಲಿ ಅದೇ ಯೀಸ್ಟ್ ಮತ್ತೆ ಬೆಳೆದರೆ ಸೆನ್ಸಿಟಿವಿಟಿ (ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪರೀಕ್ಷೆ) ಮಾಡಬೇಡಿ, ‘ಹಿಂದಿನ ವರದಿ ನೋಡಿ’ ಎಂದು ಬರೆಯಿರಿ. ಗ್ಲಾಬ್ರಾಟಾ ಇದ್ದ ಒಬ್ಬರಿಗೆ ವಾರಗಟ್ಟಲೆ ಎಕೈನೊಕ್ಯಾಂಡಿನ್ ನಡೆಯುತ್ತಿತ್ತು, ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಯನ್ನು (ಸೆಂಟ್ರಲ್ ಲೈನ್) ತೆಗೆದಿರಲಿಲ್ಲ. ರಕ್ತದ ಬಾಟಲಿ ಮತ್ತೆ ಮತ್ತೆ ಪಾಸಿಟಿವ್. ಗ್ರಾಮ್ ಸ್ಟೇನ್‌ನಲ್ಲಿ ಅವೇ ನೇರಳೆ ಬಣ್ಣದ ಪುಟ್ಟ ಮೊಟ್ಟೆಯಾಕಾರಗಳು, ಪಕ್ಕದಲ್ಲಿ ಒಂದೊಂದು ಮೊಗ್ಗು. ನೋಡಲು ಏನೇನೂ ಬದಲಾಗಿರಲಿಲ್ಲ. ಕೊನೆಗೆ ವಾರ್ಡಿನ ಡಾಕ್ಟರೇ ಒತ್ತಾಯಿಸಿ ಟೆಸ್ಟ್ ಮಾಡಿಸಿದಾಗ, ಮೊದಲು 0.015 ಇದ್ದ ಮೈಕಾಫಂಜಿನ್ ಎಂಐಸಿ 1ಕ್ಕೆ ಏರಿತ್ತು. ಔಷಧ ಹಿಡಿಯಬೇಕಾದ ಗ್ಲುಕಾನ್ ಸಿಂಥೇಸ್ ಕಿಣ್ವದ ಎಫ್‌ಕೆಎಸ್ ಜೀನ್‌ನಲ್ಲಿ ಮ್ಯುಟೇಶನ್ ಆಗಿತ್ತು. ಚಿಕಿತ್ಸೆ ನಡೆಯುತ್ತಿರುವಾಗಲೇ ಗ್ಲಾಬ್ರಾಟಾ ಹೀಗೆ ತಿರುಗಿಬೀಳುತ್ತದೆ. ಫ್ಲುಕೊನಜೋಲ್‌ಗೆ ಅದು ಮೊದಲೇ ಅಷ್ಟಕ್ಕಷ್ಟೆ, ಹಾಗಾಗಿ ಉಳಿಯುವುದು ಆಂಫೊಟೆರಿಸಿನ್ ಎಂಬ ಔಷಧ. ಆ ರೋಗಿ ಉಳಿಯಲಿಲ್ಲ. ಬೇಗ ಗೊತ್ತಾಗಿದ್ದರೆ ಉಳಿಯುತ್ತಿದ್ದರೇ ಎಂಬುದನ್ನು ಯಾರೂ ಹೇಳಲಾರರು.

ಹಿರಿಯರು ಹಾಕಿದ ನಿಯಮವನ್ನು ಪ್ರಶ್ನಿಸುವುದು ನಮ್ಮ ಕಡೆ ಹೇಗೆಂದು ನಿಮಗೇ ಗೊತ್ತು. ಇಲ್ಲಿ ಕೇಳದಿದ್ದರೆ ನಿಮಗೆ ಪ್ರಶ್ನೆಯೇ ಇಲ್ಲವೆಂದು ತಿಳಿಯುತ್ತಾರೆ. ಔಷಧ ನಡೆಯುತ್ತಿರುವಾಗಲೂ ರಕ್ತದಲ್ಲಿ ಯೀಸ್ಟ್ ಬರುತ್ತಿದ್ದರೆ ಮತ್ತೆ ಸೆನ್ಸಿಟಿವಿಟಿ ಮಾಡೋಣವೇ ಎಂದು ಮೊದಲ ವಾರವೇ ಕೇಳಿಬಿಡಿ. ಫೋನಿನಲ್ಲಿ ವಾರ್ಡಿಗೆ ತಿಳಿಸಿದ್ದನ್ನು ಯಾರಿಗೆ, ಎಷ್ಟು ಗಂಟೆಗೆ ಎಂದು ಬರೆದಿಡಿ. ಕಫದಲ್ಲಿ ಸಿಕ್ಕ ಕ್ಯಾಂಡಿಡಾ ಸಾಮಾನ್ಯವಾಗಿ ಅಲ್ಲಿ ಸುಮ್ಮನೆ ಇದ್ದದ್ದು, ಅದಕ್ಕೆ ಗಾಬರಿ ಬೇಡ. ರಕ್ತದ ಬಾಟಲಿಯಲ್ಲಿ ಸಿಕ್ಕದ್ದನ್ನು ಮಾತ್ರ ಕಂಟ್ಯಾಮಿನೇಶನ್ ಎಂದು ಯಾರು ಹೇಳಿದರೂ ಒಪ್ಪಬೇಡಿ.

ಮನೆ ಬಾಡಿಗೆಯ ಕಾಗದಪತ್ರ ಬಂದ ಮೇಲೆ ನೋಡೋಣ. ಕನ್ನಡದಲ್ಲೇ ಎಂಐಸಿ ಲೆಕ್ಕ ಮಾತಾಡಲು ಒಬ್ಬರು ಸಿಕ್ಕರೆ ನನಗೂ ಒಳ್ಳೆಯದೇ, ಫೋನ್ ಮಾಡಿ.