ಹೆರಿಗೆಗೆ ನಾಲ್ಕು ತಾರೀಕು ಹೇಳಿದ್ದಾರೆ, ಯಾವುದನ್ನು ನಂಬಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೊನೆಯ ಮುಟ್ಟು 2025ರ ಆಗಸ್ಟ್ 12. ಡಾಕ್ಟರ್ ಮೊದಲು ಬರೆದುಕೊಟ್ಟಿದ್ದು ಮೇ 19. ಅಕ್ಟೋಬರ್ 11ರ ಸ್ಕ್ಯಾನಿಂಗ್‌ನಲ್ಲಿ ಮೇ 26 ಬಂತು. ಈಗ ಮಾರ್ಚ್ 17ರ ಸ್ಕ್ಯಾನಿಂಗ್ ಜೂನ್ 3 ಅನ್ನುತ್ತಿದೆ. ನಿಮ್ಮ ಅತ್ತೆಯವರದು ಒಂಬತ್ತು ತಿಂಗಳು ಒಂಬತ್ತು ದಿನದ ಲೆಕ್ಕ, ಅಂದರೆ ಮೇ 21. ಇದರ ಜೊತೆಗೆ, ಮೇ 17ಕ್ಕೆ ಅಧಿಕ ಮಾಸ ಶುರು, ಅದಕ್ಕೆ ಮುಂಚೆ 15ಕ್ಕೇ ಸಿಸೇರಿಯನ್ ಮಾಡಿಸಿಬಿಡೋಣ ಅನ್ನುವ ಮಾತು ಬೇರೆ ಮನೆಯಲ್ಲಿ. ಕೊನೆಯಲ್ಲಿ, ನಿಮಗೆ ಮುಟ್ಟಾಗುತ್ತಿದ್ದದ್ದು 35 ದಿನಕ್ಕೊಮ್ಮೆ ಅಂತಲೂ ಬರೆದಿದ್ದೀರಿ. ಆ ಒಂದು ಸಾಲು ಬರೆದಿದ್ದು ಒಳ್ಳೆಯದಾಯಿತು ತಂಗಿ.

ನೀವು ಮೇ 26ನ್ನು ಹಿಡಿದುಕೊಳ್ಳಿ. ಯಾಕೆ ಅಂತ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ಇಪ್ಪತ್ತಾರು ವರ್ಷ ಹಳ್ಳಿ ಕಡೆ ಬಸುರಿ, ಬಾಣಂತಿಯರನ್ನು ನೋಡಿಕೊಳ್ಳುವ ನರ್ಸ್, ಅಂದರೆ ಎಎನ್‌ಎಂ ಆಗಿದ್ದೆ, ತಾಯಿ ಕಾರ್ಡ್ ಬರೆಯೋದೇ ಕೆಲಸವಾಗಿತ್ತು. ಕೊನೆಯ ಮಾತು ನಿಮ್ಮ ಡಾಕ್ಟರದೇ.

ಮೊದಲು ಮೇ 19 ಎಲ್ಲಿಂದ ಬಂತು ನೋಡಿ. ಮುಟ್ಟಾದ ಮೊದಲ ದಿನಕ್ಕೆ ಏಳು ದಿನ ಸೇರಿಸಿ, ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ ಮುಂದಿನ ವರ್ಷದ ಆ ದಿನವೇ ಡ್ಯೂ ಡೇಟ್. ಜರ್ಮನಿಯ ನೇಗೆಲೆ ಅನ್ನುವ ಹೆರಿಗೆ ವೈದ್ಯರ ಹೆಸರಿನಲ್ಲಿರುವ ಲೆಕ್ಕ ಇದು. ಒಟ್ಟು 280 ದಿನ, 40 ವಾರ. ಅತ್ತೆಯವರ ಲೆಕ್ಕವೂ ಎರಡೇ ದಿನ ಆಚೆ ಇದೆ, ಗಮನಿಸಿದಿರಾ? ಹಿರಿಯರು ಸುಮ್ನೆ ಹೇಳಿದ್ದಲ್ಲ. ಆದರೆ ಈ 280 ದಿನದ ಲೆಕ್ಕ ಸರಿಹೋಗುವುದು 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ. ಅವರಿಗೆ ಸುಮಾರು 14ನೇ ದಿನ ಅಂಡ ಬಿಡುಗಡೆಯಾಗುತ್ತದೆ. ನಿಮಗೆ 35 ದಿನ ಅಂದಮೇಲೆ ಅದು 21ನೇ ದಿನದ ಹೊತ್ತಿಗೆ ಆಗಿರುತ್ತದೆ. ಗರ್ಭ ನಿಂತಿದ್ದೇ ಒಂದು ವಾರ ತಡವಾಗಿ. ಮೇ 19ಕ್ಕೆ ಏಳು ದಿನ ಸೇರಿಸಿ, ಮೇ 26 ಬರುತ್ತದೆ ಅಲ್ವಾ? ನಿಮ್ಮ ಮೊದಲ ಸ್ಕ್ಯಾನಿಂಗ್ ಹೇಳಿದ್ದೂ ಅದನ್ನೇ.

ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್‌ಗೆ ಇಷ್ಟು ಬೆಲೆ ಕೊಡುವುದಕ್ಕೆ ಕಾರಣ ಇದೆ. ಆಗ ಎಲ್ಲ ಮಕ್ಕಳೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಬೆಳೆಯುತ್ತವೆ. ಎತ್ತರದ ತಾಯಿಯಾಗಲಿ, ಗಿಡ್ಡ ತಾಯಿಯಾಗಲಿ, ಎಂಟು ವಾರದ ಪಿಂಡ ಒಂದೇ ಅಳತೆ. ಅಕ್ಟೋಬರ್‌ನಲ್ಲಿ ನಿಮ್ಮ ಕೂಸು ತಲೆಯಿಂದ ಕುಂಡೆಯವರೆಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇದ್ದಿರಬೇಕು, ಅಷ್ಟೇ. ಅದನ್ನು ಅಳೆದು ಹೇಳಿದ ತಾರೀಕಿನಲ್ಲಿ ಐದಾರು ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದು ಕಡಿಮೆ. ಏಳನೇ ತಿಂಗಳ ಹೊತ್ತಿಗೆ ಹಾಗಲ್ಲ. ಒಂದು ಮಗು ದಪ್ಪ, ಒಂದು ಸಣ್ಣ. ಆಗಿನ ಸ್ಕ್ಯಾನಿಂಗ್ ಮೂರು ವಾರದಷ್ಟು ಆಚೀಚೆ ಆಗಬಹುದು. ಮೆಷಿನ್ ಮಗುವಿನ ತಲೆ, ಹೊಟ್ಟೆ, ತೊಡೆಮೂಳೆ ಅಳೆದು, "ಇಷ್ಟು ದೊಡ್ಡ ಮಗು ಸಾಮಾನ್ಯವಾಗಿ ಇಷ್ಟು ವಾರದ್ದು" ಅಂತ ಒಂದು ತಾರೀಕು ಅಚ್ಚು ಹಾಕುತ್ತದೆ. ಅದು ಮಗುವಿನ ಗಾತ್ರದ ಸುದ್ದಿ. ಹೆರಿಗೆಯ ತಾರೀಕು ಅದರಿಂದ ಬದಲಾಗಬಾರದು.

ಇದನ್ನು ಇಷ್ಟು ಒತ್ತಿ ಹೇಳಲು ಒಬ್ಬ ಹುಡುಗಿ ಕಾರಣ. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಅವಳ ತಾಯಿ ಕಾರ್ಡ್ ತೆಗೆದು ನೋಡಿದರೆ ಡ್ಯೂ ಡೇಟ್ ಮೇಲೆ ಕೆಂಪು ಪೆನ್ನಿನ ಗೀಟು. ಪಕ್ಕದಲ್ಲಿ ಮೂರೂವರೆ ವಾರ ಮುಂದಿನ ತಾರೀಕು. ಗೀಟಿನ ಕೆಳಗೆ ಹಳೆಯ ನೀಲಿ ಅಂಕಿ ಇನ್ನೂ ಕಾಣುತ್ತಿತ್ತು. "ಸ್ಕ್ಯಾನಿಂಗ್‌ನಲ್ಲಿ ದಿನ ಮುಂದಕ್ಕೆ ಹೋಗಿದೆ ಸಿಸ್ಟರ್, ಇನ್ನೂ ಟೈಮಿದೆ" ಅಂತ ಅವಳಮ್ಮ ನೆಮ್ಮದಿಯಿಂದ ಹೇಳಿದರು. ನಾನು ಅವಳನ್ನು ಮೂತ್ರಕ್ಕೆ ಹೋಗಿ ಬರಲು ಹೇಳಿ, ಮಲಗಿಸಿ, ಎಡಗೈ ಅಂಚಿನಿಂದ ಗರ್ಭದ ತುದಿ ಹುಡುಕಿ, ಟೇಪು ಹಿಡಿದೆ. 29 ಸೆಂಟಿಮೀಟರ್. ಹಳೆಯ ತಾರೀಕಿನ ಪ್ರಕಾರ ಅವಳಿಗೆ 34 ವಾರ. ಆ ಹೊತ್ತಿನಲ್ಲಿ ಎಷ್ಟು ವಾರವೋ ಸುಮಾರು ಅಷ್ಟೇ ಸೆಂಟಿಮೀಟರ್ ಇರಬೇಕು, ಎರಡು ಆಚೀಚೆ ಆದರೆ ಪರವಾಗಿಲ್ಲ. ಐದು ಕಮ್ಮಿ ಅಂದರೆ ಎದೆ ಧಸಕ್ ಅಂತು. ದಿನ ಮುಂದಕ್ಕೆ ಹೋಗಿರಲಿಲ್ಲ, ಮಗು ಬೆಳೆಯುತ್ತಿರಲಿಲ್ಲ. ಅವತ್ತೇ ದೊಡ್ಡಾಸ್ಪತ್ರೆಗೆ ಕಳಿಸಿದೆ. ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಮಗುವಿಗೆ ರಕ್ತ ಸಾಲುತ್ತಿಲ್ಲ ಅಂತ ಗೊತ್ತಾಯಿತು. ಹೆರಿಗೆ ಮಾಡಿಸಿದರು, 1 ಕೆಜಿ 700 ಗ್ರಾಂ. ಮಗು ಉಳಿಯಿತು. ಆ ಕೆಂಪು ಗೀಟನ್ನು ನಂಬಿ ಕೂತಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಹೆದರಬೇಡಿ, ನಿಮ್ಮದು ಹಾಗಲ್ಲ. ಎಂಟು ದಿನದ ವ್ಯತ್ಯಾಸ ಆ ಹೊತ್ತಿಗೆ ಮಾಮೂಲು. ಆದರೂ ಡಾಕ್ಟರನ್ನು ಕೇಳಿ: "ಮೇ 26ರ ಲೆಕ್ಕಕ್ಕೆ ಮಗುವಿನ ತೂಕ ಸರಿಯಿದೆಯಾ? ಇನ್ನೊಂದು ಸಲ ಬೆಳವಣಿಗೆ ನೋಡಬೇಕಾ?" ನೋಡಬೇಕು ಅಂದರೆ ಎರಡು ಮೂರು ವಾರ ಬಿಟ್ಟು ನೋಡುತ್ತಾರೆ.

ಇನ್ನು ಎಷ್ಟನೇ ತಿಂಗಳು ಅಂತ ಕೇಳಿದ್ದೀರಿ. ತಿಂಗಳ ಲೆಕ್ಕದಲ್ಲಿ ಜಗಳ ಮುಗಿಯಲ್ಲ, "ಏಳು ತುಂಬಿತು" ಅನ್ನುವವರು ಒಬ್ಬರು, "ಎಂಟಕ್ಕೆ ಬಿತ್ತು" ಅನ್ನುವವರು ಇನ್ನೊಬ್ಬರು. ವಾರ ಎಣಿಸಿ. ಮಾರ್ಚ್ 17ಕ್ಕೆ ನಿಮಗೆ 30 ವಾರ ತುಂಬಿತು. 13 ವಾರದವರೆಗೆ ಮೊದಲ ಹಂತ, ವಾಂತಿ, ಸುಸ್ತು, ಮಗುವಿನ ಅಂಗಾಂಗ ಮೂಡುವ ಕಾಲ. 27ರವರೆಗೆ ಎರಡನೆಯದು. ಗರ್ಭದ ತುದಿ ಹೊಕ್ಕುಳಿಗೆ ಬರುವುದು, ಮಗು ಮಿಸುಕಿದ್ದು ಗೊತ್ತಾಗುವುದು ಆಗಲೇ. ಅವೆರಡನ್ನೂ ದಾಟಿದ್ದೀರಿ. ಈಗಿರುವುದು ಮೂರನೆಯದು, ಮಗು ಮೈ ತುಂಬಿಕೊಳ್ಳುವ ಕಾಲ. 36ರ ಹೊತ್ತಿಗೆ ಗರ್ಭ ಎದೆಗೂಡಿನ ತನಕ ಏರುತ್ತದೆ, ಉಸಿರು ಕಟ್ಟಿದ ಹಾಗಾಗುತ್ತದೆ. ಆಮೇಲೆ ಚೊಚ್ಚಲು ಬಸುರಿಯರಿಗೆ "ಹೊಟ್ಟೆ ಇಳಿಯಿತು" ಅನ್ನುತ್ತಾರಲ್ಲ, ಮಗುವಿನ ತಲೆ ಕೆಳಗೆ ಕೂತು ಉಸಿರು ಹಗುರವಾಗುತ್ತದೆ.

ಮೇ 15ರ ಮಾತಿಗೆ ಬರೋಣ. ಮೇ 19ರ ಲೆಕ್ಕ ಹಿಡಿದರೆ ಅವತ್ತಿಗೆ 39 ವಾರ ದಾಟಿದ ಹಾಗೆ ಕಾಣುತ್ತದೆ. ನಿಜವಾಗಿ ಆಗಿರುವುದು 38 ವಾರ 3 ದಿನ. ಬಿಪಿ, ಶುಗರ್, ಬೆಳವಣಿಗೆ ಹೀಗೆ ಏನಾದರೂ ಕಾರಣವಿದ್ದು ಡಾಕ್ಟರೇ ಬೇಗ ಮಾಡಬೇಕು ಅಂದರೆ ಒಂದು ದಿನವೂ ತಡಮಾಡಬೇಡಿ. ಕಾರಣ ಇಲ್ಲದೆ 39 ವಾರಕ್ಕೆ ಮುಂಚೆ ಆಪರೇಷನ್ ಬೇಡ. ಕೊನೆಯ ಆ ಕೆಲವು ದಿನದಲ್ಲೂ ಶ್ವಾಸಕೋಶ ಬಲಿಯುತ್ತಿರುತ್ತದೆ. ಬೇಗ ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಜಾಸ್ತಿ. ಅತ್ತೆಯವರಿಗೆ ಸಮಾಧಾನವಾಗಿ ಹೇಳಿ. ನಾಮಕರಣವನ್ನು ಅಧಿಕ ಮಾಸ ಕಳೆದ ಮೇಲೆ ಇಟ್ಟುಕೊಳ್ಳಬಹುದಲ್ಲ.

ಮೇ 26ರಂದೇ ನೋವು ಬರುತ್ತದೆ ಅಂತಲೂ ಕಾಯಬೇಡಿ. ಸರಿಯಾಗಿ ಡ್ಯೂ ಡೇಟ್ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ಮೇ 5ಕ್ಕೆ ನಿಮಗೆ 37 ವಾರ, ಅಲ್ಲಿಂದ ಬ್ಯಾಗು ಸಿದ್ಧ ಇರಲಿ. ಜೂನ್ 2ಕ್ಕೆ 41 ವಾರ. ಅಲ್ಲಿಯವರೆಗೂ ನೋವು ಬಾರದಿದ್ದರೆ ಏನು ಮಾಡೋದು ಅಂತ ಈಗಲೇ ಡಾಕ್ಟರ್ ಹತ್ತಿರ ಮಾತಾಡಿಟ್ಟುಕೊಳ್ಳಿ.

ರಕ್ತ ಕಂಡರೆ, ನೀರು ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಊದಿದರೆ, ಯಾವ ವಾರವೇ ಆಗಿರಲಿ, 108ಕ್ಕೆ ಫೋನ್ ಮಾಡಿ. ಮಗು ಮಿಸುಕಾಡುವುದು ಕಮ್ಮಿಯಾದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. "ಕೊನೆಯಲ್ಲಿ ಜಾಗ ಇರಲ್ಲ, ಅದಕ್ಕೇ ಮಿಸುಕಲ್ಲ" ಅಂತ ಯಾರು ಹೇಳಿದರೂ ಕೇಳಬೇಡಿ.

ಮುಂದಿನ ಸಲ ಹೋಗುವಾಗ ಅಕ್ಟೋಬರ್ 11ರ ರಿಪೋರ್ಟನ್ನು ಫೈಲಿನ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡು ಹೋಗಿ. ಕಾರ್ಡಿನಲ್ಲಿ ಮೇ 26 ಒಂದನ್ನೇ ಬರೆಸಿಕೊಂಡು ಬನ್ನಿ.